ಪರವೂರಿನಲ್ಲಿ ಮನೆಯ ಕಣಜ

(ಸಂಘದ ಮಹಿಳಾ ವಿಭಾಗದ ವಾರ್ಷಿಕ ಕೂಟದಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ವೇದಿಕೆಯಿಂದ ನಾವು ಸಾಮಾನ್ಯವಾಗಿ ಕೇಳುವುದು ಸಾಹಿತ್ಯದ ಮಾತು, ಗಡಿಯ ಮಾತು, ಕನ್ನಡ ಶಾಲೆಗಳ ಅಳಿವು ಉಳಿವಿನ ಮಾತು. ನನಗೆ ಕೊಟ್ಟಿರುವ ವಿಷಯ ಅಕ್ಕಿ, ಬೇಳೆ, ಉಪ್ಪಿನದು. ಇದು ಅಡುಗೆಮನೆಯ ಸಂಗತಿಯಲ್ಲವೆ, ಸಾರ್ವಜನಿಕ ಚರ್ಚೆಗೆ ಇದರಲ್ಲೇನಿದೆ ಎಂದು ಕೆಲವರಿಗೆ ಅನಿಸೀತು. ಆದರೆ ಹೊರನಾಡಿನಲ್ಲಿ ನೆಲೆಸಿದ ಕುಟುಂಬಕ್ಕೆ ಕಷ್ಟ ಬಂದಾಗ ಮೊದಲು ಕೈಹಿಡಿಯುವುದು ಅಥವಾ ಕೈಬಿಡುವುದು ಅಡುಗೆಮನೆಯೇ. ಊರಿನಲ್ಲಿದ್ದವರಿಗೆ ಹಿತ್ತಲುಂಟು, ಹೊಲವುಂಟು, ಕೇಳಿದರೆ ಒಂದು ಸೇರು ಜೋಳ ಅಳೆದುಕೊಡುವ ನೆಂಟರುಂಟು. ನಮಗಿರುವುದು ತಿಂಗಳ ಸಂಬಳ ಮತ್ತು ಬೀದಿಯ ಕೊನೆಯ ಕಿರಾಣಿ ಅಂಗಡಿ. ಇವೆರಡರಲ್ಲಿ ಒಂದು ನಿಂತರೂ ಮನೆ ಎಷ್ಟು ದಿನ ನಡೆದೀತು ಎಂಬ ಪ್ರಶ್ನೆಗೆ ಪ್ರತಿ ಗೃಹಿಣಿಯ ಬಳಿಯೂ ಒಂದು ಉತ್ತರವಿರಬೇಕು. ಆ ಉತ್ತರವನ್ನು ಕಡಿಮೆ ಹಣದಲ್ಲಿ ಹೇಗೆ ಕಟ್ಟಿಕೊಳ್ಳಬಹುದು ಎಂಬುದೇ ನನ್ನ ಇಂದಿನ ಮಾತಿನ ಉದ್ದೇಶ.

ಕೂಡಿಡುವುದು ನಮ್ಮ ನಾಡಿಗೆ ಹೊಸದಲ್ಲ. ಬಯಲುಸೀಮೆಯಲ್ಲಿ ರಾಗಿಗೆ, ಜೋಳಕ್ಕೆ ನೆಲದೊಳಗಿನ ಹಗೇವು, ಉತ್ತರ ಕರ್ನಾಟಕದ ಮನೆಗಳಲ್ಲಿ ಗುಮ್ಮಿ, ಕರಾವಳಿಯಲ್ಲಿ ಹುಲ್ಲಿನಿಂದ ಬಿಗಿದು ಕಟ್ಟಿದ ಅಕ್ಕಿಮುಡಿ ಮತ್ತು ಮರದ ಪತ್ತಾಯ. ಇವುಗಳ ಹಿಂದೆ ಬರಗಾಲದ ನೆನಪಿತ್ತು. 1876-78ರ ಮಹಾಕ್ಷಾಮವನ್ನು ಹಳೆಯ ಮೈಸೂರಿನವರು ಧಾತು-ಈಶ್ವರ ಸಂವತ್ಸರಗಳ ಬರವೆಂದು ತಲೆಮಾರುಗಳ ಕಾಲ ನೆನೆದರು. ಹಗೇವಿನ ಬಾಯಿ ತೆರೆದ ಕೂಡಲೆ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಒಳಗಿನ ಗಾಳಿ ಉಸಿರು ಕಟ್ಟಿಸುತ್ತದೆಂದು ಬಲ್ಲವರಾಗಿದ್ದರು. ಮನುಷ್ಯನ ಉಸಿರು ಕಟ್ಟಿಸುವ ಆ ಗಾಳಿಯೇ ಹುಳುವಿನ ಉಸಿರನ್ನೂ ಕಟ್ಟಿಸುತ್ತಿದ್ದುದರಿಂದ ಕಾಳು ವರ್ಷಗಟ್ಟಲೆ ಉಳಿಯುತ್ತಿತ್ತು. ಒಣಗಿದ ಕಾಳು, ತೇವವಿಲ್ಲದ ಜಾಗ, ಗಾಳಿಯಾಡದ ಪಾತ್ರೆ ಎಂಬ ಮೂರು ಸೂತ್ರಗಳು ಅಲ್ಲಿಯೇ ಇವೆ. ನಾವು ಹೊಸದಾಗಿ ಕಲಿಯಬೇಕಾದುದು ಇಷ್ಟೆ: ಹಗೇವಿನ ಬುದ್ಧಿಯನ್ನು ಹತ್ತಡಿ ಕೋಣೆಯೊಳಗೆ ತರುವುದು ಹೇಗೆ?

ಈ ಪಾಠವನ್ನು ನಾನು ಕಲಿತದ್ದು ತಪ್ಪು ಮಾಡಿ. ಮದುವೆಯಾಗಿ ಧಾರವಾಡದ ಕಡೆಯಿಂದ ಬಂದು ಕುರ್ಲಾದ ಚಾಳಿನ ನೆಲಮನೆಯಲ್ಲಿ ಸಂಸಾರ ಹೂಡಿದ್ದು 1979ರಲ್ಲಿ. ಆ ಬೇಸಿಗೆಯಲ್ಲಿ ನೆರೆಯ ಮರಾಠಿ ಮನೆಗಳವರು ವರ್ಷದ ಗೋದಿ ತುಂಬಿಕೊಳ್ಳುತ್ತಿದ್ದುದನ್ನು ಕಂಡೆ. ನಾವೇನು ಕಡಿಮೆ ಎಂದು, ಇಲ್ಲಿ ಭಿಶಿ ಎಂದು ಕರೆಯುವ ಚೀಟಿಯ ಹಣವನ್ನು ಮುಂಚಿತವಾಗಿ ಎತ್ತಿ ಒಂದು ಕ್ವಿಂಟಾಲ್ ಗೋದಿ ತರಿಸಿದೆ. ಮೂವರಿದ್ದ ಮನೆ; ಅದರಲ್ಲಿಯೂ ನಾವು ಜೋಳದ ರೊಟ್ಟಿ ತಿನ್ನುವವರು. ಗೋಣಿಚೀಲಗಳನ್ನು ಗೋಡೆಗೆ ಒತ್ತಿ ನೆಲದ ಮೇಲೆಯೇ ಇಟ್ಟಿದ್ದೆವು. ಜುಲೈ ತಿಂಗಳ ಮಳೆಗೆ ನೆಲ ಬೆವರಿತು, ಚೀಲದ ತಳ ಮುಗ್ಗಿತು, ಆಗಸ್ಟ್ ಹೊತ್ತಿಗೆ ಗೋಡೆಯ ಮೇಲೆ ನುಸಿಗಳ ಸಾಲು. ಅರ್ಧಕ್ಕಿಂತ ಹೆಚ್ಚು ಗೋದಿ ಹಾಳಾಯಿತು. ಚೀಟಿಯ ಕಂತು ಮಾತ್ರ ಮುಂದಿನ ವರ್ಷದವರೆಗೂ ಕಟ್ಟಬೇಕಾಯಿತು. ನಮ್ಮ ಅತ್ತೆಯವರು ಬೈಯಲಿಲ್ಲ. "ಹೊಟ್ಟಿ ನೋಡಿ ಕೂಡಿಡಬೇಕವಾ, ಮಂದಿ ನೋಡಿ ಅಲ್ಲ" ಎಂದರು. ಈ ವಿಷಯದಲ್ಲಿ ನಾನು ಅನಂತರ ಓದಿದ ಯಾವ ಪುಸ್ತಕವೂ ಆ ಒಂದು ಮಾತಿಗಿಂತ ಹೆಚ್ಚಿನದನ್ನು ಹೇಳಿಲ್ಲ.

ಆದ್ದರಿಂದ ಮೊದಲ ಕೆಲಸ ಲೆಕ್ಕ. ಒಂದು ತಿಂಗಳ ಕಾಲ ಮನೆಯಲ್ಲಿ ಏನು, ಎಷ್ಟು ಖರ್ಚಾಗುತ್ತದೆಂದು ಬರೆದಿಡಿ. ನಾಲ್ವರಿದ್ದಾಗ ನಮ್ಮ ಮನೆಯ ಲೆಕ್ಕ ಹೀಗಿತ್ತು: ತಿಂಗಳಿಗೆ ಅಕ್ಕಿ 12 ಕಿಲೋ, ಗೋದಿ 12, ಜೋಳ 8, ಬೇಳೆಕಾಳುಗಳೆಲ್ಲ ಸೇರಿ 5, ಎಣ್ಣೆ 3 ಲೀಟರ್, ಸಕ್ಕರೆ ಬೆಲ್ಲ ಸೇರಿ 4 ಕಿಲೋ. ನಿಮ್ಮ ಮನೆಯ ಅಂಕಿ ಬೇರೆಯಿರುತ್ತದೆ, ಇರಲೇಬೇಕು. ಮನೆಯವರು ತಿನ್ನದ ಪದಾರ್ಥವನ್ನು ಅಗ್ಗವೆಂದು ಕೂಡಿಟ್ಟರೆ ಅದು ಉಳಿತಾಯವಲ್ಲ, ನಷ್ಟ. ಈ ಪಟ್ಟಿಯನ್ನು ನೋಡಿದರೆ ಸ್ಥಳದ ಭಯವೂ ಹೋಗುತ್ತದೆ. 15 ಕಿಲೋ ಎಣ್ಣೆಯ ಹಳೆಯ ಚೌಕಾಕಾರದ ತಗಡಿನ ಡಬ್ಬಿಯಲ್ಲಿ ಹನ್ನೆರಡು ಹದಿಮೂರು ಕಿಲೋ ಅಕ್ಕಿ ಹಿಡಿಯುತ್ತದೆ. ನಾಲ್ವರ ಒಂದು ತಿಂಗಳ ಧಾನ್ಯವೆಂದರೆ ಮೂರು ಡಬ್ಬಿ. ಮೂರು ಡಬ್ಬಿಗೆ ಎಡೆಯಿಲ್ಲದ ಮನೆ ಮುಂಬಯಿಯಲ್ಲಿಯೂ ಅಪರೂಪ.

ಎರಡನೆಯದು ಹಣ. ಒಂದೇ ದಿನದಲ್ಲಿ ತಿಂಗಳ ದಾಸ್ತಾನು ಮಾಡಲು ಹೊರಟರೆ ಸಾಲವಾಗುತ್ತದೆ. ಸಾಲ ತಂದು ತುಂಬಿದ ಡಬ್ಬಿ ಭದ್ರತೆಯಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ಕಿರಾಣಿಗೆ ಮಾಡುವ ಖರ್ಚಿನಲ್ಲಿ ನೂರಕ್ಕೆ ಹತ್ತರಷ್ಟನ್ನು ಮಾತ್ರ ಹೆಚ್ಚಿಗೆ ಎತ್ತಿಡಿ. ಹತ್ತು ತಿಂಗಳಿಗೆ ಒಂದು ತಿಂಗಳ ದಾಸ್ತಾನು ಸದ್ದಿಲ್ಲದೆ ಕೂಡುತ್ತದೆ. ಕ್ರಮವೂ ಮುಖ್ಯ. ಮೊದಲು ಒಲೆ ಹಚ್ಚದೆಯೂ ತಿನ್ನಬಹುದಾದ ಮೂರು ದಿನದ ಆಹಾರ: ಅವಲಕ್ಕಿ, ಹುರಿಗಡಲೆ, ಬೆಲ್ಲ, ಚುರುಮುರಿ, ಶೇಂಗಾ. ಅನಂತರ ಹದಿನೈದು ದಿನದ ಅಕ್ಕಿ, ಬೇಳೆ, ಉಪ್ಪು, ಎಣ್ಣೆ. ಕೊನೆಗೆ ತಿಂಗಳದು. ಒಂದು ವಾರ ಅರ್ಧ ಕಿಲೋ ತೊಗರಿಬೇಳೆ ಹೆಚ್ಚಿಗೆ, ಮರುವಾರ ಒಂದು ಉಪ್ಪಿನ ಚೀಲ ಹೆಚ್ಚಿಗೆ ಎಂದು ತಂದರೆ ಸಂಸಾರಕ್ಕೆ ಭಾರ ತಿಳಿಯುವುದಿಲ್ಲ. ಮನೆಯಲ್ಲಿ ಒಂದು ತಿಂಗಳ ಸಾಮಾನು ಇರುವಾಕೆ ಬೆಲೆ ಏರಿದ ವಾರ ಕೊಳ್ಳದೆ ಕಾಯಬಲ್ಲಳು. ಬಡವರ ಕಿರಾಣಿ ಯಾವಾಗಲೂ ದುಬಾರಿ. ಏಕೆಂದರೆ ಅವರು ಹತ್ತು ರೂಪಾಯಿಯ ಪುಟ್ಟ ಪೊಟ್ಟಣಗಳಲ್ಲಿ ಕೊಳ್ಳುತ್ತಾರೆ, ಅದೂ ಬೇಕಾದ ದಿನವೇ ಕೊಳ್ಳುತ್ತಾರೆ. ಕಾಯುವ ಶಕ್ತಿಯೇ ದಾಸ್ತಾನು ಕೊಡುವ ಮೊದಲ ಲಾಭ.

ಕೊಳ್ಳುವುದಕ್ಕೂ ಒಂದು ಪಂಚಾಂಗವಿದೆ. ಮುಂಗಾರಿನ ಭತ್ತ ಕೊಯ್ಲಾಗಿ ಅಕ್ಟೋಬರಿನಿಂದ ಮುಂದೆ ಹೊಸ ಅಕ್ಕಿ ಪೇಟೆಗೆ ಬರುತ್ತದೆ. ಹೊಸ ತೊಗರಿಯ ಕಾಲ ಡಿಸೆಂಬರಿನಿಂದ ಫೆಬ್ರವರಿ. ಬೆಲ್ಲದ ಆಲೆಮನೆಗಳು ನಡೆಯುವುದು ಚಳಿಗಾಲದಲ್ಲಿ. ಹಿಂಗಾರಿ ಜೋಳ ಫೆಬ್ರವರಿ-ಮಾರ್ಚ್, ಬ್ಯಾಡಗಿ ಮೆಣಸಿನಕಾಯಿಯ ದೊಡ್ಡ ಆವಕವೂ ವರ್ಷದ ಮೊದಲ ತಿಂಗಳುಗಳಲ್ಲಿಯೇ. ಹುಣಸೆ ಬೇಸಿಗೆಯ ಹೊಸ್ತಿಲಿನಲ್ಲಿ, ಗೋದಿ ಏಪ್ರಿಲ್-ಮೇಯಲ್ಲಿ. ಈರುಳ್ಳಿಯನ್ನು ಕೂಡಿಡುವುದಾದರೆ ಬೇಸಿಗೆಯಲ್ಲಿ ಬರುವ ಹಿಂಗಾರಿನದನ್ನೇ ಇಡಬೇಕು. ಮುಂಗಾರಿನ ಈರುಳ್ಳಿ ಉಳಿಯುವುದಿಲ್ಲ. ಮಳೆಗೆ ಮುಂಚೆ ಲಾಲ್‌ಬಾಗಿನ ಮಸಾಲೆ ಗಲ್ಲಿಯಲ್ಲಿ ಮೆಣಸಿನಕಾಯಿ ಕುಟ್ಟಿಸಲು ಸಾಲು ನಿಲ್ಲುವ ಹೆಂಗಸರನ್ನು ನೋಡಿದವರಿಗೆ ಈ ಪಂಚಾಂಗ ಇನ್ನೂ ಜೀವಂತವಾಗಿದೆಯೆಂದು ತಿಳಿದಿರುತ್ತದೆ. ಒಂದು ಮನೆಗೆ ಐವತ್ತು ಕಿಲೋದ ಚೀಲ ಹೆಚ್ಚು. ನಾಲ್ಕು ಮನೆಗಳು ಕೂಡಿ ವಾಶಿಯ ಸಗಟು ಪೇಟೆಯ ದರದಲ್ಲಿ ಒಂದು ಚೀಲ ತಂದು ಹಂಚಿಕೊಂಡರೆ ನಾಲ್ವರಿಗೂ ಲಾಭ. ಸಾಗಣೆಯ ಖರ್ಚನ್ನು ಕಳೆದು ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ಮೂರನೆಯದು ಕಾಪಾಡುವುದು. ನುಸಿ ಹೊರಗಿನಿಂದ ಹಾರಿಬರುವುದಕ್ಕಿಂತ ಹೆಚ್ಚಾಗಿ ಅಂಗಡಿಯಿಂದಲೇ ಬರುತ್ತದೆ. ತಾಯಿಹುಳು ಕಾಳನ್ನು ಕೊರೆದು ಒಳಗೆ ಮೊಟ್ಟೆಯಿಟ್ಟು ಮುಚ್ಚಿಬಿಡುತ್ತದೆ. ನಮ್ಮ ಕಣ್ಣಿಗೆ ಕಾಳು ಚೆನ್ನಾಗಿಯೇ ಕಾಣುತ್ತದೆ. ಬೆಚ್ಚಗಿನ ತೇವದ ಹವೆಯಲ್ಲಿ ಸುಮಾರು ಒಂದು ತಿಂಗಳಿಗೆ ಮರಿ ಬೆಳೆದು ಹೊರಬರುತ್ತದೆ. ಆದಕಾರಣ ತಂದ ಕಾಳನ್ನು ಮೇ ತಿಂಗಳ ಬಿಸಿಲಿಗೆ ಹಾಕಿ ಗರಿಗರಿಯಾಗಿ ಒಣಗಿಸಬೇಕು. ಬಿಸಿ ಇರುವಾಗಲೇ ಡಬ್ಬಿಗೆ ತುಂಬಬಾರದು. ಮುಚ್ಚಳದ ಒಳಗೆ ಬೆವರು ಕಟ್ಟಿ ಒಣಗಿಸಿದ್ದೆಲ್ಲ ವ್ಯರ್ಥವಾಗುತ್ತದೆ. ರಾತ್ರಿ ಆರಲು ಬಿಟ್ಟು, ಬೆಳಿಗ್ಗೆ ಡಬ್ಬಿಯ ಕಂಠದವರೆಗೆ ತುಂಬಿ ಬಿಗಿಯಾಗಿ ಮುಚ್ಚಿ. ಡಬ್ಬಿಯಲ್ಲಿ ಖಾಲಿ ಜಾಗ ಕಡಿಮೆಯಾದಷ್ಟೂ ಹುಳುವಿಗೆ ಉಸಿರು ಕಡಿಮೆ. ಹಗೇವಿನ ಬುದ್ಧಿಯೆಂದು ನಾನು ಹೇಳಿದ್ದು ಇದನ್ನೇ. ಡಬ್ಬಿಗಳನ್ನು ಗೋಡೆಯಿಂದ ನಾಲ್ಕು ಬೆರಳು ದೂರ, ನೆಲದಿಂದ ಮೇಲೆ ಹಲಗೆಯ ಮೇಲಿಡಿ.

ಇಡಿಯಾದ ಕಾಳುಗಳಿಗೆ ಹರಳೆಣ್ಣೆ ಸವರುವ ಪದ್ಧತಿ ಮೂಢನಂಬಿಕೆಯಲ್ಲ. ನಯವಾದ ಎಣ್ಣೆಯ ಪದರದ ಮೇಲೆ ಹುಳುವಿನ ಮೊಟ್ಟೆ ನಿಲ್ಲುವುದಿಲ್ಲ. ನಮ್ಮ ಕಡೆ ತೊಗರಿಗೆ ಕೆಮ್ಮಣ್ಣು ಕಟ್ಟುತ್ತಿದ್ದುದು, ಕಾಳಿಗೆ ಬೂದಿ ಬೆರೆಸುತ್ತಿದ್ದುದು ಇಂಥ ಅನುಭವದಿಂದಲೇ. ಒಣಗಿದ ಬೇವಿನ ಎಲೆಯೂ ಸಹಾಯಕ್ಕೆ ಬರುತ್ತದೆ, ಆದರೆ ಕಾಳು ತೇವವಾಗಿದ್ದರೆ ಅದೊಂದೇ ಸಾಲದು. ಒಂದು ಎಚ್ಚರಿಕೆಯನ್ನು ಮಾತ್ರ ಕೈಮುಗಿದು ಹೇಳುತ್ತೇನೆ. ಗೋದಾಮುಗಳಲ್ಲಿ ಹುಳು ಕೊಲ್ಲಲು ಬಳಸುವ ಗುಳಿಗೆಗಳನ್ನು ಯಾರೋ ಕೊಟ್ಟರೆಂದು ಮನೆಗೆ ತರಬೇಡಿ. ಅದರಿಂದ ಹೊರಡುವ ವಿಷಗಾಳಿ ಮುಚ್ಚಿದ ಕೋಣೆಯಲ್ಲಿ ಮಲಗಿದವರನ್ನು ಕೊಂದಿದೆ. ಪಾರದ ಗುಳಿಗೆಗಳನ್ನೂ ಅಡುಗೆಮನೆಯಿಂದ ದೂರವಿಡಿ.

ಎಲ್ಲ ಪದಾರ್ಥಗಳೂ ಒಂದೇ ರೀತಿ ಬಾಳುವುದಿಲ್ಲ. ಅಕ್ಕಿ ಹಳೆಯದಾದಷ್ಟೂ ಅನ್ನ ಉದುರುದುರಾಗುತ್ತದೆ. ಹಿಟ್ಟಿನ ಆಯುಷ್ಯ ಕಡಿಮೆ. ಸಜ್ಜೆಯ ಹಿಟ್ಟಂತೂ ಕೆಲವೇ ದಿನಗಳಲ್ಲಿ ಕಹಿಯಾಗುತ್ತದೆ. ಆದ್ದರಿಂದ ಕಾಳನ್ನು ಕೂಡಿಡಿ, ಹಿಟ್ಟನ್ನು ಬೇಕಾದಷ್ಟೇ ಬೀಸಿಸಿ. ರವೆಯನ್ನು ಹುರಿದಿಡಿ. ಹುಣಸೆಹಣ್ಣಿಗೆ ಉಪ್ಪು ಬೆರೆಸಿ ಭರಣಿಯಲ್ಲಿಡಿ, ತಗಡಿಗೆ ತಾಗಿಸಬೇಡಿ. ಎಣ್ಣೆಯನ್ನು ಬೆಳಕಿನಿಂದ ದೂರವಿಡಿ, ಎರಡು ತಿಂಗಳದ್ದಕ್ಕಿಂತ ಹೆಚ್ಚು ಬೇಡ. ಬೂಷ್ಟು ಹಿಡಿದ ಶೇಂಗಾವನ್ನು ತೊಳೆದು ಹುರಿದು ಬಳಸುವ ಆಸೆ ಬೇಡ. ಆ ಬೂಷ್ಟಿನ ವಿಷ ಬೆಂಕಿಗೆ ಪೂರ್ತಿ ಹೋಗುವುದಿಲ್ಲ. ಪ್ರತಿ ಡಬ್ಬಿಯ ಮೇಲೂ ತಂದ ತಿಂಗಳನ್ನು ಬರೆದು ಅಂಟಿಸಿ. ಹೊಸದನ್ನು ಹಿಂದೆ ಇಟ್ಟು ಹಳೆಯದನ್ನು ಮುಂದೆ ಎಳೆಯಿರಿ. ಮೊದಲು ಬಂದದ್ದು ಮೊದಲು ಒಲೆಗೆ ಹೋಗಬೇಕು. ದಾಸ್ತಾನು ಎಂದರೆ ನಿಂತ ನೀರಲ್ಲ. ಒಂದು ಕಡೆ ತುಂಬುತ್ತ ಇನ್ನೊಂದು ಕಡೆ ಹರಿಯುತ್ತ ಇರಬೇಕು.

ಇಷ್ಟೆಲ್ಲ ಕಲಿತ ಮೇಲೂ ನನಗೆ ಎರಡನೆಯ ಪಾಠ ಕಾದಿತ್ತು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಮೀಠಿ ನದಿಯ ನೀರು ಕುರ್ಲಾದ ಚಾಳುಗಳಿಗೆ ನುಗ್ಗಿತು. ನಮ್ಮ ಡಬ್ಬಿಗಳು ಅಚ್ಚುಕಟ್ಟಾಗಿ ಮಂಚದ ಕೆಳಗಿದ್ದವು. ಸಂಜೆಯ ಹೊತ್ತಿಗೆ ಮಂಚವೇ ಮುಳುಗಿತು. ನಮ್ಮವರು ಮರುದಿನ ಕಚೇರಿಯಿಂದ ನಡೆದುಕೊಂಡೇ ಮನೆ ಸೇರಿದರು. ಸುತ್ತ ಎದೆಮಟ್ಟ ನೀರು, ಕುಡಿಯಲು ಹನಿ ನೀರಿಲ್ಲ. ಮೇಲಂತಸ್ತಿನ ಕಾಕೂ ಕೊಟ್ಟ ಒಂದು ಕೊಡ ನೀರಿನಲ್ಲಿ ಎರಡು ದಿನ ಕಳೆದೆವು. ಅಂದಿನಿಂದ ನನ್ನ ಪಟ್ಟಿಯಲ್ಲಿ ಅಕ್ಕಿಗಿಂತ ಮೊದಲು ನೀರು ಬಂತು. ತಲೆಗೆ ದಿನಕ್ಕೆ ನಾಲ್ಕು ಲೀಟರಿನಂತೆ ನಾಲ್ವರಿಗೆ ಮೂರು ದಿನಕ್ಕೆ ಸುಮಾರು ಐವತ್ತು ಲೀಟರ್ ಮುಚ್ಚಿಟ್ಟಿರಬೇಕು, ವಾರಕ್ಕೊಮ್ಮೆ ಬದಲಿಸಬೇಕು. ಮೂರು ದಿನದ ಆಹಾರದ ಚೀಲ ಅಟ್ಟದ ಮೇಲಿರಬೇಕು. ಮೋಂಬತ್ತಿ, ಬೆಂಕಿಪೆಟ್ಟಿಗೆ, ಹಿರಿಯರ ರಕ್ತದೊತ್ತಡದ, ಸಕ್ಕರೆ ಕಾಯಿಲೆಯ ಒಂದು ತಿಂಗಳ ಗುಳಿಗೆ, ರೇಷನ್ ಕಾರ್ಡು, ಬ್ಯಾಂಕಿನ ಪುಸ್ತಕ ಎಲ್ಲವೂ ಅದೇ ಚೀಲದಲ್ಲಿರಲಿ. ಪುಣೆಯ ಹಿರಿಯರು 1961ರ ಪಾನ್‌ಶೇತ್ ಅಣೆಕಟ್ಟಿನ ಪ್ರವಾಹವನ್ನು ಬಲ್ಲರು. ಚೆನ್ನೈಯವರು 2015ರ ಡಿಸೆಂಬರನ್ನು, ಹೈದರಾಬಾದಿನವರು 2020ರ ಅಕ್ಟೋಬರನ್ನು ಕಂಡಿದ್ದಾರೆ. ಇದು ಮುಂಬಯಿಯೊಂದರ ಕತೆಯಲ್ಲ.

ಇನ್ನು, ಕೂಡಿಡುವುದು ಸರಿಯೆ ಎಂಬ ಪ್ರಶ್ನೆ. ಈ ನಗರ 1943ರಲ್ಲಿಯೇ ರೇಷನ್ ಪದ್ಧತಿಯನ್ನು ಕಂಡಿತು. 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಊಟ ಬಿಡಲು ಕೇಳಿದಾಗ ಸೋಮವಾರ ಸಂಜೆ ಹೊಟೇಲುಗಳು ಬಾಗಿಲು ಹಾಕಿದವು. 1972ರ ಬರಗಾಲದ ಅನಂತರ ಮೃಣಾಲ್ ಗೋರೆ, ಅಹಿಲ್ಯಾ ರಾಂಗಣೇಕರ್ ಮೊದಲಾದವರ ಮುಂದಾಳುತನದಲ್ಲಿ ಹೆಂಗಸರು ಲಟ್ಟಣಿಗೆ ಹಿಡಿದು, ತಟ್ಟೆ ಬಡಿಯುತ್ತ ಬೆಲೆಯೇರಿಕೆಯ ವಿರುದ್ಧ, ಕಳ್ಳದಾಸ್ತಾನಿನ ವಿರುದ್ಧ ಬೀದಿಗಿಳಿದರು. ಹಾಗಾದರೆ ನಮ್ಮ ಮೂರು ಡಬ್ಬಿಗೂ ಕಳ್ಳದಾಸ್ತಾನಿಗೂ ಏನು ಭೇದ? ಭೇದ ಅಳತೆಯಲ್ಲಿ ಮಾತ್ರವಲ್ಲ, ಕಾಲದಲ್ಲಿದೆ. ವ್ಯಾಪಾರಿ ಕೂಡಿಡುವುದು ಅಭಾವವನ್ನು ಹೆಚ್ಚಿಸಿ ಮಾರಲು. ಗೃಹಿಣಿ ಕೂಡಿಡುವುದು ಉಣ್ಣಲು. ಆದರೆ ಗೃಹಿಣಿಯೂ ಅಭಾವದ ದಿನವೇ ಅಂಗಡಿಗೆ ಓಡಿ ಸಿಕ್ಕಷ್ಟನ್ನು ಬಾಚಿದರೆ ಅವಳೂ ನೆರೆಯವರ ತುತ್ತನ್ನೇ ಕಸಿಯುತ್ತಾಳೆ. 2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಘೋಷಣೆಯಾದ ರಾತ್ರಿ ಅಂಗಡಿಗಳ ಮುಂದೆ ನಡೆದದ್ದು ಅದೇ. ಸುಭಿಕ್ಷದ ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಕೂಡಿಟ್ಟಾಕೆ ದುರ್ಭಿಕ್ಷದ ದಿನ ಸಾಲಿನಲ್ಲಿ ನಿಲ್ಲಬೇಕಿಲ್ಲ. ಅವಳು ಬಿಟ್ಟ ಜಾಗ ಕೂಡಿಡಲಾಗದ ಮತ್ತೊಬ್ಬಳಿಗೆ ಸಿಗುತ್ತದೆ.

ಆ ಲಾಕ್‌ಡೌನಿನಲ್ಲಿ ನಾನು ನೆಮ್ಮದಿಯಾಗಿಯೇ ಇದ್ದೆನೆಂದು ಒಪ್ಪಿಕೊಳ್ಳುತ್ತೇನೆ. ನಾವು ಡೊಂಬಿವಿಲಿಯ ಮೂರನೆಯ ಮಹಡಿಗೆ ಬಂದು ವರ್ಷಗಳಾಗಿದ್ದವು, ಡಬ್ಬಿಗಳು ತುಂಬಿದ್ದವು. ಐದನೆಯ ದಿನ ಪಕ್ಕದ ಕಟ್ಟಡದ ಕೆಲಸದ ಜಾಗದಿಂದ ಮಗುವಿನ ಅಳು ಕೇಳಿಸಿತು, ಅದನ್ನು ಸಂತೈಸುತ್ತಿದ್ದ ತಾಯಿಯ ಮಾತು ಕನ್ನಡ. ಯಾದಗಿರಿ ಕಡೆಯ ಆರು ಕುಟುಂಬಗಳು. ಕೂಲಿ ನಿಂತಿತ್ತು, ಗುತ್ತಿಗೆದಾರ ಫೋನು ಎತ್ತುತ್ತಿರಲಿಲ್ಲ. ದಿನದ ಕೂಲಿಯಲ್ಲಿ ದಿನದ ಹಿಟ್ಟು ತರುವವರಿಗೆ ಡಬ್ಬಿಯೆಲ್ಲಿ, ಹಲಗೆಯೆಲ್ಲಿ? "ಎರಡ ದಿನಾ ಆತ್ರಿ ಅಕ್ಕಾರ, ಮಕ್ಕಳಿಗೆ ಅಷ್ಟ ಗಂಜಿ" ಎಂದಳು ಆಕೆ. ಮನೆಗೆ ಬಂದು ಪುಸ್ತಕ ತೆಗೆದೆ. ಅದರಲ್ಲಿ ಇದ್ದದ್ದು, ತಂದದ್ದು, ತೀರಿದ್ದು ಎಂದು ಮೂರು ಅಂಕಣಗಳಿದ್ದವು. ಕೊಡುವುದಕ್ಕೆ ಅಂಕಣವೇ ಇರಲಿಲ್ಲ. ನಲವತ್ತು ವರ್ಷ ಬರೆದ ಲೆಕ್ಕದಲ್ಲಿ ನನಗದು ಹೊಳೆದಿರಲಿಲ್ಲ. ಆ ದಿನ ನಮ್ಮ ಮಹಡಿಯ ನಾಲ್ಕು ಮನೆಗಳು ಸೇರಿ ಕೊಟ್ಟ ಜೋಳ, ಬೇಳೆ ಆರು ಕುಟುಂಬಗಳಿಗೆ ಒಂದು ವಾರಕ್ಕಾಯಿತು. ಅನಂತರ ಅವರು ಹೇಗೋ ಊರಿನ ದಾರಿ ಹಿಡಿದರು. ಮುಂದೆ ಏನಾಯಿತೆಂದು ತಿಳಿಯಲಿಲ್ಲ.

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕತೆ ನಮಗೆಲ್ಲ ಗೊತ್ತು. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಹೇಳಿ ಕಳುಹಿಸಿದಳು. ನಾಳೆಗೆ ಇಡುವುದೇ ತಪ್ಪೆಂದು ಇದರ ಅರ್ಥವೆ? ನನಗೆ ಹಾಗೆ ತೋರುವುದಿಲ್ಲ. ಅವಳ ಸುತ್ತ ಕಲ್ಯಾಣವಿತ್ತು; ದುಡಿದವರಿಗೆ ದಾಸೋಹವಿತ್ತು; ಇಡೀ ಊರೇ ಅವಳ ಕಣಜವಾಗಿತ್ತು. ನಮಗೆ ಆ ಊರಿಲ್ಲದ್ದರಿಂದ ಡಬ್ಬಿ ಬೇಕಾಗಿದೆ. ಆದರೆ ನಮ್ಮ ಪಾಲಿಗಿಂತ ಹೆಚ್ಚಿನದು ನಮ್ಮದಲ್ಲ ಎಂಬ ಅವಳ ಎಚ್ಚರ ಆ ಡಬ್ಬಿಯ ಮುಚ್ಚಳದ ಮೇಲಿರಬೇಕು.

ಕೊನೆಯದಾಗಿ ಸಂಘದ ಮುಂದೆ ಮೂರು ಸಲಹೆಗಳನ್ನಿಡುತ್ತೇನೆ. ಒಂದು, ವರ್ಷಕ್ಕೆರಡು ಬಾರಿ, ಸಂಕ್ರಾಂತಿಯ ಸುಮಾರಿಗೆ ಬೇಳೆ, ಯುಗಾದಿಯ ಅನಂತರ ಧಾನ್ಯ, ಸದಸ್ಯರೆಲ್ಲ ಕೂಡಿ ಸಗಟಾಗಿ ಕೊಳ್ಳುವ ವ್ಯವಸ್ಥೆಯಾಗಲಿ. ಎರಡು, ಅಡುಗೆಗೆ ಅಕ್ಕಿ ಅಳೆಯುವಾಗ ದಿನಕ್ಕೊಂದು ಹಿಡಿ ಎತ್ತಿಡುವ ನಮ್ಮ ಅಜ್ಜಿಯರ ಪದ್ಧತಿಯನ್ನು ಮತ್ತೆ ಹಿಡಿದು, ಅದಕ್ಕಾಗಿ ಸಂಘದ ಕೋಣೆಯಲ್ಲಿ ತಗಡಿನ ಒಂದು ಕೋಠಿ ಇಡೋಣ. ನೂರು ಮನೆಗಳು ದಿನಕ್ಕೆ ಐವತ್ತು ಗ್ರಾಂ ಎತ್ತಿಟ್ಟರೆ ತಿಂಗಳಿಗೆ ನೂರೈವತ್ತು ಕಿಲೋ ಆಗುತ್ತದೆ. ಮೂರು, 2013ರ ಆಹಾರ ಭದ್ರತಾ ಕಾಯಿದೆಯಂತೆ ಆದ್ಯತಾ ಕುಟುಂಬಗಳಿಗೆ ತಲಾ 5 ಕಿಲೋ ಧಾನ್ಯ ಸಲ್ಲುತ್ತದೆ. ಒಂದು ದೇಶ ಒಂದು ರೇಷನ್ ಕಾರ್ಡ್ ಯೋಜನೆ 2022ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಹಬ್ಬಿದುದರಿಂದ, ಕರ್ನಾಟಕದ ಕಾರ್ಡಿನ ಮೇಲೆ ಈ ಧಾನ್ಯವನ್ನು ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿಯೂ ಪಡೆಯಬಹುದು. ನಮ್ಮ ಕೂಲಿ ಬಂಧುಗಳಲ್ಲಿ ಅನೇಕರಿಗೆ ಇದು ತಿಳಿದಿಲ್ಲ. ತಿಳಿದವರಿಗೂ ಅಂಗಡಿಯವನ ಮುಂದೆ ಮಾತನಾಡುವ ಧೈರ್ಯ ಸಾಲದು. ಭಾಷೆ ಬಲ್ಲ ಇಬ್ಬರು ಸದಸ್ಯರು ತಿಂಗಳಿಗೊಮ್ಮೆ ಅವರ ಜೊತೆ ಹೋಗಿ ನಿಂತರೆ, ಅದು ನಮ್ಮ ಸಂಘದ ಯಾವ ನಾಡಹಬ್ಬಕ್ಕೂ ಕಡಿಮೆಯಾದ ಕನ್ನಡ ಸೇವೆಯಲ್ಲ.

ಮನೆಗೆ ಹೋದ ಮೇಲೆ ಒಂದು ಪುಸ್ತಕ ತೆಗೆದು ನಾಲ್ಕು ಅಂಕಣಗಳನ್ನು ಎಳೆಯಿರಿ. ನಾಲ್ಕನೆಯದು ಮೊದಮೊದಲು ಖಾಲಿಯಿದ್ದರೂ ಚಿಂತೆಯಿಲ್ಲ, ಎಳೆದಿರಲಿ.